ಮೂಲೆ ಹರಿದ ಲಕೋಟೆ

ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾಗದದ ಒಂದು ಮೂಲೆ ಹರಿದು ಟಪಾಲಿಗೆ ಹಾಕುತ್ತಿದ್ದರು. ಓದು ಬಾರದವನಿಗೂ ಕಾಗದ ಕೈಗೆ ಬಂದ ಕೂಡಲೇ ಗೊತ್ತಾಗಬೇಕು, ಒಳಗಿರುವುದು ಒಳ್ಳೆಯದಲ್ಲ ಎಂದು. ಅಂಥ ಕಾಗದವನ್ನು ಯಾರೂ ಮನೆಯೊಳಗೆ ಒಯ್ಯುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಓದಿಸಿ, ಕೇಳಿ, ಚೂರು ಮಾಡಿ ಬಿಸಾಡಿ, ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಹೋಗುವುದು.

ಓದಿಸಿ ಎಂದೆನಲ್ಲ, ಓದುತ್ತಿದ್ದದ್ದು ನಾನು. ಎಪ್ಪತ್ತರ ದಶಕದ ಸುರುವಿನಲ್ಲಿ, ಕಾಪುವಿನ ದೀಪಸ್ತಂಭದ ಕಡೆಗೆ ಹೋಗುವ ಓಣಿಯ ನಮ್ಮ ಹತ್ತು ಹನ್ನೆರಡು ಮನೆಗಳಲ್ಲಿ ತಡವರಿಸದೆ ಓದುತ್ತಿದ್ದವಳು ನಾನೊಬ್ಬಳೇ. ನನಗಾಗ ಒಂಬತ್ತು ವರ್ಷ. ಬೊಂಬಾಯಿ ಹೋಟೆಲುಗಳಲ್ಲಿದ್ದ ಗಂಡಸರ ಕ್ಷೇಮ ಸಮಾಚಾರವೆಲ್ಲ ನನ್ನ ಬಾಯಿಂದಲೇ ಅವರವರ ಮನೆಗೆ ತಲುಪಬೇಕು. ಮೂಲೆ ಹರಿದ ಕಾಗದ ಬಂದ ದಿನ ಅಂಚೆಯವರು ಬೇಲಿಯ ಹೊರಗಿಂದಲೇ ನನ್ನ ಹೆಸರು ಕೂಗುತ್ತಿದ್ದರು, ಆ ಮನೆಯವರ ಹೆಸರನ್ನಲ್ಲ.

ಆಗ ನನ್ನ ಹಿಂದೆ ಬಂದು ನಿಲ್ಲುತ್ತಿದ್ದವರು ಮಾವ. ಅಮ್ಮನ ಅಣ್ಣ. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತೇವೆ, ನಾನು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅಪ್ಪ ಹೆಜಮಾಡಿಯವರು, ನಾನು ಹುಟ್ಟಿದ ಮೇಲೆ ಈ ಕಡೆ ಬರುವುದನ್ನೇ ಬಿಟ್ಟರು. ತಮ್ಮಲೆ ಮದುವೆ ಆಗಲಿಲ್ಲ. ಮರ ಹತ್ತಿ ಕಳ್ಳು ಇಳಿಸುವುದು ಅವರ ಕೆಲಸ, ಅಮ್ಮನದು ಬೀಡಿ ಕಟ್ಟುವುದು. ನಮ್ಮಲ್ಲಿ ಮನೆ ಅಳಿಯಸಂತಾನದ್ದು, ತಾಯಿಯ ಕಡೆಯಿಂದ ನಡೆಯುವುದು. ಮಾವ ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

"ಅಳಬೇಡ," ಎಂದು ಅವರು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದರು. "ನೀನು ಅತ್ತರೆ ಅವರಿಗೆ ಅಕ್ಷರ ಕೇಳುವುದಿಲ್ಲ." ಇನ್ನೊಂದು ಮಾತೂ ಇತ್ತು. "ಇವರ ಊಟ ಆಗಿದೆಯಾ ಕೇಳು. ಆಗದಿದ್ದರೆ ಸ್ವಲ್ಪ ತಡೆದು ಓದು. ಕೇಳುವ ತನಕ ಸೂತಕ ಇಲ್ಲ."

ಇದು ನಮ್ಮಲ್ಲಿದ್ದ ಲೆಕ್ಕ. ದೂರದಲ್ಲಿ ಯಾರೋ ಸತ್ತು ಎಂಟು ದಿನವಾಗಿರಬಹುದು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ನಿಮಗೆ ಸೂತಕ. ಅಲ್ಲಿಯವರೆಗೆ ನೀವು ಉಂಡದ್ದು ಊಟ, ನಕ್ಕದ್ದು ನಗು. ಒಂದು ತುತ್ತು ಹೆಚ್ಚು ಹೊಟ್ಟೆಗೆ ಹೋಗಲಿ ಎಂಬ ಕನಿಕರಕ್ಕೆ ಆ ಮಾತು ಹುಟ್ಟಿದ್ದು. ನಾನು ಅದನ್ನು ಯಾವುದಕ್ಕೆ ಉಪಯೋಗಿಸಿದೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಾನು ಚೀನಾಕ್ಕೆ ಹೋದೆ ಎಂದರೆ ಇವತ್ತಿಗೂ ಜನ ನಂಬುವುದಿಲ್ಲ. ನಾನು ನಮ್ಮ ಕುಟುಂಬದ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ, ಯಾರೂ ಕೊಟ್ಟದ್ದಲ್ಲ ಅದು. ಉಡುಪಿಯ ಕಾಲೇಜಿಗೆ ಬೆಳಿಗ್ಗೆ ಏಳರ ಬಸ್ಸಿಗೆ ನಿಂತುಕೊಂಡು ಹೋಗಿ ಸಂಜೆ ನಿಂತುಕೊಂಡು ಬಂದು ಬಿ.ಎ. ಮುಗಿಸಿದೆ. ಮಣಿಪಾಲದಲ್ಲಿ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆದೆ. ಅಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಓದಲು ಸಿಗುತ್ತಿದ್ದ ಇಂಗ್ಲಿಷ್ ಪೇಪರಿನಲ್ಲಿ ದೆಹಲಿಯ ಚೀನೀ ಭಾಷೆಯ ಕೋರ್ಸಿನ ಜಾಹೀರಾತು ಕಂಡದ್ದು. ಯಾರಿಗೂ ಬೇಡದ ಭಾಷೆ, ಹಾಗಾಗಿ ನನಗೆ ಸೀಟು ಸಿಕ್ಕಿತು. ದೆಹಲಿ ಮುಗಿದ ಮೇಲೆ ಸರಕಾರದ ವಿದ್ಯಾರ್ಥಿವೇತನದಲ್ಲಿ ಬೀಜಿಂಗಿಗೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಅಲ್ಲಿದ್ದ ಭಾರತದ ವಿದ್ಯಾರ್ಥಿಗಳು ಕೈಬೆರಳಲ್ಲಿ ಎಣಿಸುವಷ್ಟು.

ಹೊರಡುವ ಮೊದಲು ತಮ್ಮಲೆ ಹೇಳಿದ್ದರು, "ಎರಡು ವರ್ಷ. ಮತ್ತೆ ಒಂದು ದಿನ ಹೆಚ್ಚಿಲ್ಲ. ಬಂದ ಮೇಲೆ ಮದುವೆ."

"ಆಯಿತು," ಎಂದಿದ್ದೆ.

ಎರಡನೆಯ ವರ್ಷದ ಚಳಿ ಸುರುವಾಗುವಾಗ ಅಧ್ಯಾಪಕರು ಕೇಳಿದರು, ಇನ್ನೊಂದು ವರ್ಷ ಉಳಿಯುತ್ತೀಯಾ ಎಂದು. ಉಳಿಯಬೇಕೆಂದು ಎಷ್ಟು ಆಸೆಯಾಯಿತೆಂದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಗೆ ಬರೆದೆ. ಬರೆದೆ ಎಂದರೆ, ಕಾರ್ಕಳಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕನಿಗೆ. ಅವಳು ಏಳನೆಯ ಕ್ಲಾಸು ಓದಿದವಳು, ತಡವರಿಸಿಯಾದರೂ ಓದಿ ಬರೆಯುತ್ತಿದ್ದಳು. ನನ್ನ ಕಾಗದ ಓದಿ ಕಾಪುವಿನವರಿಗೆ ತಿಳಿಸುವುದೂ, ಅವರು ಹೇಳಿದ್ದನ್ನು ಬರೆದು ನನಗೆ ಕಳಿಸುವುದೂ ಅವಳೇ. ತಮ್ಮಲೆಯನ್ನು ಕೇಳು, ಇನ್ನೊಂದು ವರ್ಷ ಬಿಡುತ್ತಾರಾ ಎಂದು ಬರೆದೆ. ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಉತ್ತರಕ್ಕೆ ಕಾಯುತ್ತಿದ್ದೆ.

ಜನವರಿಯ ಒಂದು ಶನಿವಾರ. ಜೊತೆಗೆ ಕೋಣೆಯಲ್ಲಿದ್ದ ಜಪಾನಿನ ಹುಡುಗಿ ಊರಿಗೆ ಹೋಗಿದ್ದಳು. ಆ ಸಂಜೆ ಒಬ್ಬಳೇ ಹೊರಗೆ ಹೋಗಬೇಕೆಂದು ನಾನು ಮೂರು ವಾರ ಮೊದಲೇ ನಿಶ್ಚಯ ಮಾಡಿದ್ದೆ. ಇದರಲ್ಲಿ ಎಂತ ದೊಡ್ಡ ವಿಷಯ ಎಂದು ಈಗಿನ ಹುಡುಗಿಯರು ಕೇಳಬಹುದು. ನನಗೆ ದೊಡ್ಡ ವಿಷಯವೇ. ಕಾಪುವಿನಲ್ಲಿ ದೀಪ ಹಚ್ಚಿದ ಮೇಲೆ ನಾವು ಬೇಲಿಯ ದಣಪೆ ದಾಟುವ ಹಾಗಿಲ್ಲ. ಉಡುಪಿಯಲ್ಲಿ ಸಂಜೆಯ ಬಸ್ಸು ತಪ್ಪಿದರೆ ಪ್ರಳಯ. ಮಣಿಪಾಲದಲ್ಲಿ ಐದು ಗಂಟೆಗೆ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿ ಬಸ್ ಸ್ಟ್ಯಾಂಡಿಗೆ ಓಟ. ನನ್ನ ಇಡೀ ಪ್ರಾಯವನ್ನು ಬಸ್ಸಿನ ಟೈಮ್ ಆಳಿತ್ತು. ದೆಹಲಿಯಲ್ಲಿ, ಬೀಜಿಂಗಿನಲ್ಲೂ, ನಾಲ್ಕೈದು ಜನರ ಗುಂಪಿನಲ್ಲಿ ಹೋಗಿ ಗುಂಪಿನಲ್ಲಿ ಬರುವುದೇ. ಊರಿನ ನಡುವೆ ಒಂದು ದೊಡ್ಡ ಕೆರೆ ಚಳಿಗೆ ಗಟ್ಟಿಯಾಗಿದೆ, ಜನ ಅದರ ಮೇಲೆ ಆಡುತ್ತಾರೆ ಎಂದು ಕೇಳಿದ್ದೆ. ಸೈಕಲ್ಲು ತುಳಿದು ಅಲ್ಲಿಗೆ ಹೋಗಬೇಕು, ಒಬ್ಬಳೇ, ಕತ್ತಲೆ ಆದ ಮೇಲೆ.

ಸೈಕಲ್ಲು ತಳ್ಳಿಕೊಂಡು ಗೇಟಿಗೆ ಬಂದೆ. ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬರು ಮುದುಕರು ಕೂರುತ್ತಿದ್ದರು. ಯಾರಿಗೆ ಕಾಗದ ಬಂದಿದೆಯೋ ಅವರ ಹೆಸರನ್ನು ಹೊರಗಿನ ಸಣ್ಣ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುವುದು ಅವರ ಕೆಲಸ. ಆ ಸಂಜೆ ಹಲಗೆಯಲ್ಲಿ ನನ್ನ ಹೆಸರಿತ್ತು. ಮುದುಕರು ಕಿಟಕಿಯಿಂದ ಕೈ ಚಾಚಿ ಕೊಟ್ಟರು.

ಯಾವಾಗಲೂ ಬರುತ್ತಿದ್ದದ್ದು ಮಡಿಚಿ ಅಂಟಿಸುವ ನೀಲಿ ಏರೋಗ್ರಾಮ್. ಇದು ಲಕೋಟೆ. ಅಕ್ಕನ ಅಕ್ಷರ. ಬಲಗಡೆಯ ಮೇಲಿನ ಮೂಲೆ ಎರಡು ಬೆರಳಗಲ ಹರಿದು ಹೋಗಿತ್ತು.

ಮುದುಕರು ನಗುತ್ತಾ ಏನೋ ಹೇಳಿದರು. ಎರಡು ವರ್ಷ ದೆಹಲಿಯಲ್ಲಿ, ಒಂದೂವರೆ ವರ್ಷ ಅವರದೇ ಊರಿನಲ್ಲಿ ಅವರ ಭಾಷೆ ಕಲಿತವಳು ನಾನು. ಆ ಹೊತ್ತಿನಲ್ಲಿ ಒಂದು ಅಕ್ಷರ ತಲೆಗೆ ಹೋಗಲಿಲ್ಲ. ತಲೆ ಅಲ್ಲಾಡಿಸಿದೆ. ಲಕೋಟೆಯನ್ನು ಕೋಟಿನ ಒಳಕಿಸೆಗೆ ಹಾಕಿಕೊಂಡೆ.

ಆಗ ನಾನು ಮಾಡಬೇಕಾದದ್ದು ಒಂದೇ ಕೆಲಸ. ಅಲ್ಲೇ ನಿಂತು ಒಡೆಯಬೇಕಿತ್ತು. ಊರಿನ ಎಲ್ಲರ ಸಾವನ್ನೂ ಗಟ್ಟಿ ಸ್ವರದಲ್ಲಿ ಓದಿದವಳಿಗೆ ಅದು ಕಷ್ಟವಲ್ಲ. ನಾನು ಗೇಟಿನ ಹೊರಗೆ ಕತ್ತಲಾಗುತ್ತಿದ್ದ ರಸ್ತೆಯನ್ನು ನೋಡಿದೆ. ಕೇಳುವ ತನಕ ಸೂತಕ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸೈಕಲ್ಲು ಹತ್ತಿದೆ.

ದಾರಿ ಮುಕ್ಕಾಲು ಗಂಟೆಯದ್ದು. ಮೂಗಿನ ತುದಿ ನನ್ನದೋ ಬೇರೆಯವರದ್ದೋ ಗೊತ್ತಾಗದ ಚಳಿ. ನನ್ನ ಸುತ್ತಮುತ್ತ ನೂರಾರು ಸೈಕಲ್ಲುಗಳು, ಯಾರೂ ನನ್ನನ್ನು ನೋಡುತ್ತಿಲ್ಲ. ಯಾರ ಮಗಳು, ಎಲ್ಲಿಗೆ ಹೋಗುವುದು, ಈ ಹೊತ್ತಿಗೆ ಎಂತ ಕೆಲಸ ಎಂದು ಕೇಳುವವರಿಲ್ಲ. ಸಂತೋಷವಾಗುತ್ತಿತ್ತು. ಲಕೋಟೆಯ ಹರಿದ ಅಂಚು ಎದೆಗೆ ತಾಗುತ್ತಲೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಬಲ್ಬುಗಳನ್ನು ಕಟ್ಟಿದ್ದರು. ಮಕ್ಕಳು, ಮುದುಕರು, ಜೋಡಿಗಳು, ಎಲ್ಲರೂ ನೀರಿನ ಮೇಲೆ ಜಾರುತ್ತಿದ್ದಾರೆ. ಸಮುದ್ರದ ಬದಿಯಲ್ಲಿ ಹುಟ್ಟಿದವಳು ನಾನು, ನೀರಿನ ಮೇಲೆ ಕಾಲಿಡಲು ಧೈರ್ಯ ಬರಲಿಲ್ಲ. ಅಲ್ಲಿ ಕಬ್ಬಿಣದ ಪಟ್ಟಿ ಬಡಿದ ಮರದ ಸಣ್ಣ ಗಾಡಿಗಳನ್ನು ಬಾಡಿಗೆಗೆ ಕೊಡುವ ಹೆಂಗಸು ಒಬ್ಬಳಿದ್ದಳು. ಅಮ್ಮನ ಪ್ರಾಯ, ಕಿವಿ ಮುಚ್ಚುವ ಟೊಪ್ಪಿ.

"ಬಾ, ಕೂತುಕೋ, ನಾನೇ ತಳ್ಳುತ್ತೇನೆ. ಎಲ್ಲಿಯವಳು ನೀನು?"

"ಇಂಡಿಯಾ."

"ಅಲ್ಲಿ ಐಸ್ ಇಲ್ಲವಾ?"

"ನಮ್ಮೂರಿನಲ್ಲಿ ಐಸ್ ಇರುವುದು ಮೀನಿನ ಪೆಟ್ಟಿಗೆಯಲ್ಲಿ."

ಅವಳು ಬಿದ್ದು ಬಿದ್ದು ನಕ್ಕಳು. "ಹಾಗಾದರೆ ಇವತ್ತು ನೀನೇ ಮೀನು!" ಎಂದು ಗಾಡಿಯನ್ನು ಒಮ್ಮೆಲೇ ನೂಕಿದಳು. ನಾನು ಕಿರುಚಿದೆ. ಹಾಗೆ ಬಾಯಿಬಿಟ್ಟು ಬೊಬ್ಬೆ ಹಾಕಿದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು. ಒಂದು ಸುತ್ತು, ಎರಡು ಸುತ್ತು. ಎರಡನೆಯದು ಮುಗಿದಾಗ ಅವಳು ಏದುಸಿರು ಬಿಡುತ್ತಾ ನಿಂತು, ಆ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದಳು.

"ಮನೆಯಲ್ಲಿ ಯಾರೆಲ್ಲ ಇದ್ದಾರೆ?"

ಭಾಷೆಯ ಕ್ಲಾಸಿನ ಮೊದಲ ಪಾಠದಲ್ಲೇ ಇದ್ದ ಪ್ರಶ್ನೆ ಅದು. ಉತ್ತರ ನನಗೆ ಬಾಯಿಪಾಠ. ಅಜ್ಜಿ, ಅಮ್ಮ, ಅಮ್ಮನ ಅಣ್ಣ, ಅಕ್ಕ. ದೆಹಲಿಯಲ್ಲಿ ನೂರು ಸಲ ಹೇಳಿದ್ದೆ. ಆ ರಾತ್ರಿ ಹೇಳಲು ಹೊರಟಾಗ ನಾಲಿಗೆ ನಿಂತಿತು. ಲಕೋಟೆಯ ಮೇಲೆ ಅಕ್ಕನ ಅಕ್ಷರ ಇತ್ತು, ಅಕ್ಕ ಇದ್ದಾಳೆ. ಉಳಿದ ಮೂವರಲ್ಲಿ ಒಬ್ಬರು ಇಲ್ಲ. ಅಮ್ಮ ಇಲ್ಲ ಎಂದು ಹೇಳಲು ಸಾಧ್ಯವೇ ಇಲ್ಲ. ಅಜ್ಜಿಗೆ ವಯಸ್ಸಾಗಿತ್ತು, ನ್ಯಾಯವಾಗಿ ಅಜ್ಜಿ ಎಂದು ಯೋಚಿಸಬೇಕಿತ್ತು.

"ಅಜ್ಜಿ, ಅಮ್ಮ, ಅಕ್ಕ," ಎಂದೆ.

"ಗಂಡಸರು ಯಾರೂ ಇಲ್ಲವಾ?"

"ಇಲ್ಲ."

ಅಷ್ಟು ಸುಲಭದಲ್ಲಿ ಬಂತು. ಯಾಕೆ ತಮ್ಮಲೆಯೇ ಎಂದು ಕೇಳಿದರೆ, ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅಜ್ಜಿ ಹೋದರೆ ನನಗೆ ದುಃಖ ಮಾತ್ರ ಸಿಗುತ್ತಿತ್ತು. ತಮ್ಮಲೆ ಹೋದರೆ ದುಃಖದ ಜೊತೆಗೆ ಇನ್ನೊಂದು ವರ್ಷವೂ ಸಿಗುತ್ತಿತ್ತು. ಬೇಡ ಎನ್ನುವ ಬಾಯಿ ಅವರದ್ದೊಂದೇ. ಇದನ್ನು ನಾನು ಕೂತು ಯೋಚನೆ ಮಾಡಿದ್ದಲ್ಲ. ಯೋಚನೆ ಮಾಡದೆ ಬಂದದ್ದು ಎಂಬುದೇ ನನಗೆ ಹೆದರಿಕೆ ಹುಟ್ಟಿಸುವುದು.

ಆ ಹೆಂಗಸಿನ ಮುಖ ಸಣ್ಣದಾಯಿತು. "ಪಾಪ," ಎಂದಳು. "ಬಾ, ಇನ್ನೊಂದು ಸುತ್ತು. ಇದಕ್ಕೆ ದುಡ್ಡಿಲ್ಲ." ಸತ್ತ ಮಾವನ ಹೆಸರಿನಲ್ಲಿ ಸಿಕ್ಕಿದ ಆ ಮೂರನೆಯ ಸುತ್ತನ್ನೂ ಕೂತು ಮುಗಿಸಿದೆ. ಅದೇ ಎಲ್ಲಕ್ಕಿಂತ ವೇಗದ್ದು. ಆ ಸುತ್ತಿನಲ್ಲೂ ಕಿರುಚಿದೆ, ನಕ್ಕೆ. ಆಮೇಲೆ ದಂಡೆಯಲ್ಲಿ ಕಡ್ಡಿಗೆ ಪೋಣಿಸಿ ಸಕ್ಕರೆ ಪಾಕದಲ್ಲಿ ಅದ್ದಿದ ಕೆಂಪು ಹುಳಿ ಹಣ್ಣು ತಿಂದೆ. ಬೇಳೆ ತುಂಬಿದ ಬಿಸಿ ರೊಟ್ಟಿ ತಿಂದೆ. ಹಸಿವೆ ಇತ್ತು ನನಗೆ, ಎರಡು ತಿಂದೆ.

ಹಾಸ್ಟೆಲಿನ ಗೇಟು ಹಾಕುವ ಹೊತ್ತಿಗೆ ಬಂದು ಮುಟ್ಟಿದೆ. ಮುದುಕರ ಕೋಣೆಯ ದೀಪ ಆರಿತ್ತು. ಮೇಲೆ ಹೋಗಿ, ಕೋಟು ತೆಗೆಯದೆ, ಮಂಚದ ಮೇಲೆ ಕೂರದೆ, ಬಾಗಿಲ ಹತ್ತಿರ ನಿಂತುಕೊಂಡೇ ಲಕೋಟೆ ಒಡೆದೆ. ಅಂಗಳವಿಲ್ಲದ ಮನೆಯಲ್ಲಿ ಅದಕ್ಕಿಂತ ಹೊರಗೆ ನಿಲ್ಲಲು ಆಗುವುದಿಲ್ಲ.

ಯಾರೂ ಸತ್ತಿರಲಿಲ್ಲ.

ಅಕ್ಕ ಬರೆದಿದ್ದಳು. ನಿನ್ನ ಕಾಗದ ಬಂದ ಸುದ್ದಿ ಕೇಳಿ ತಮ್ಮಲೆ ಮರುದಿನ ಬೆಳಿಗ್ಗೆಯ ಕೆಲಸ ಬಿಟ್ಟು ಶಿರ್ವ, ಬೆಳ್ಮಣ್ಣು ದಾರಿಯಾಗಿ ಎರಡು ಬಸ್ಸು ಬದಲಿಸಿ ಕಾರ್ಕಳಕ್ಕೆ ಬಂದರು. ಎರಡು ಸಲ ಓದಿಸಿದರು. ಊಟ ಮಾಡಿ ಎದ್ದ ಮೇಲೆ, ಬರೆ ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

'ಮಗಾ, ಮರ ಹತ್ತಿದವಳು ನೀನು. ಹತ್ತಿದವರಿಗೆ ಕೆಳಗೆ ನಿಂತವನು ಇಳಿ ಇಳಿ ಎಂದು ಬೊಬ್ಬೆ ಹಾಕಬಾರದು, ಕೈ ಜಾರುತ್ತದೆ. ನಾನು ಹಾಕುವುದಿಲ್ಲ. ತುತ್ತತುದಿಯ ಕೊಡಿ ಮುಟ್ಟಿ ಇಳಿ. ಮದುವೆಯ ಮಾತು ನಾನು ನೋಡಿಕೊಳ್ಳುತ್ತೇನೆ.'

ಜೊತೆಗೆ ಇನ್ನೊಂದು ಕಾಗದ. ಲಕೋಟೆ ಬೇಕಾದದ್ದು ಅದಕ್ಕೆ. ಬಿಳಿ ಹಾಳೆ, ಅದರ ನಡುವೆ ನೀಲಿ ಶಾಯಿಯಲ್ಲಿ ಅವರ ಎಡಗೈ ಹೆಬ್ಬೆಟ್ಟು. ಕೆಳಗೆ ಅಕ್ಕ ಬರೆದಿದ್ದಳು, ಮನೆಯ ಹಿರಿಯರು ಒಪ್ಪಿದ್ದಾರೆ ಎಂದು ಅಲ್ಲಿನ ಆಫೀಸಿನವರು ಕೇಳಿದರೆ ತೋರಿಸಬೇಕಂತೆ. ಹೆಬ್ಬೆಟ್ಟಿನ ಗೆರೆಗಳ ಅಡ್ಡಕ್ಕೆ ಒಂದು ಬಿಳಿ ಗೀಟು ಇತ್ತು. ಕಳ್ಳಿನ ಕತ್ತಿ ತಾಗಿ ಆದ ಹಳೆಯ ಗಾಯ. ಆ ಗಾಯ ನನಗೆ ಚೆನ್ನಾಗಿ ಗೊತ್ತು.

ಮರುದಿನ ಮುದುಕರ ಹತ್ತಿರ ಹೋಗಿ ಲಕೋಟೆ ತೋರಿಸಿದೆ. ಅವರು ಆಶ್ಚರ್ಯಪಟ್ಟರು. "ನಿನ್ನೆಯೇ ಹೇಳಿದೆನಲ್ಲ! ನಿಮ್ಮ ದೇಶದ ಸ್ಟಾಂಪು ಚಂದ ಇತ್ತು, ಕಿತ್ತುಕೊಂಡೆ, ಬೇಸರ ಇಲ್ಲ ತಾನೆ ಎಂದು ಕೇಳಿದೆ. ನೀನು ತಲೆ ಅಲ್ಲಾಡಿಸಿದೆ." ಆಗ ಅಲ್ಲಿ ಎಲ್ಲರಿಗೂ ಸ್ಟಾಂಪು ಕೂಡಿಡುವ ಹುಚ್ಚು. ಏರೋಗ್ರಾಮಿನಲ್ಲಿ ಸ್ಟಾಂಪು ಅಚ್ಚಾಗಿಯೇ ಇರುತ್ತದೆ, ಕೀಳಲು ಬರುವುದಿಲ್ಲ. ಹಾಗಾಗಿ ಅಷ್ಟು ದಿನ ನನ್ನ ಕಾಗದಗಳ ಮೂಲೆ ಉಳಿದಿತ್ತು. ಬೇರೆ ಯಾವ ದೇಶದ ಹುಡುಗಿಗಾದರೂ ಅದು ಸ್ಟಾಂಪು ಕಿತ್ತ ಲಕೋಟೆ. ನನಗೆ ಮಾತ್ರ ಹೆಣದ ಸುದ್ದಿ.

ನಾನು ಇನ್ನೊಂದು ವರ್ಷ ಉಳಿದೆ. ನಾಚಿಕೆಯಿಂದ ವಾಪಸು ಬಂದೆ ಎಂದು ಬರೆದರೆ ಚಂದ ಕಾಣುತ್ತಿತ್ತು, ಆದರೆ ಬರಲಿಲ್ಲ. ಆ ಹೆಬ್ಬೆಟ್ಟಿನ ಕಾಗದವನ್ನು ಯಾವ ಆಫೀಸಿನವರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ತಮ್ಮಲೆಗೆ ಹೇಳಿಯೇ ಬಿಡಬೇಕೆಂದು ಒಂದು ದಿನ ಸುರು ಮಾಡಿದೆ. ಅವರು ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದರು. ಮೂಲೆ ಹರಿದ ಲಕೋಟೆ ಬಂದದ್ದು ಹೇಳಿದೆ. ಒಡೆಯಲು ಹೆದರಿಕೆಯಾಗಿ ಕಿಸೆಯಲ್ಲಿ ಇಟ್ಟುಕೊಂಡು ಐಸಿನ ಕೆರೆಗೆ ಹೋದದ್ದು ಹೇಳಿದೆ. "ನೀವೇ ಹೋದಿರಿ ಅಂತ ತಿಳಿದೆ," ಎಂದೆ. ಮುಂದಿನದ್ದು ಹೇಳಲು ಬಾಯಿ ತೆರೆಯುವುದರೊಳಗೆ ಅವರು ತೊಡೆ ತಟ್ಟಿ ನಗಲು ಸುರು ಮಾಡಿದ್ದರು.

"ಅಯ್ಯೋ ದೇವರೇ! ನನ್ನನ್ನು ಚೀನಾದಲ್ಲಿ ಕೊಂದೆಯಾ ನೀನು? ಕೇಳಿದೆಯಾ," ಎಂದು ಒಳಗಿದ್ದ ಅಮ್ಮನನ್ನು ಕೂಗಿದರು, "ನಿನ್ನ ಮಗಳು ನನ್ನ ಬೊಜ್ಜ ಮಾಡಿ ಬಂದಿದ್ದಾಳೆ!" ಬೊಜ್ಜ ಎಂದರೆ ನಮ್ಮಲ್ಲಿ ಉತ್ತರಕ್ರಿಯೆ.

ಅಮ್ಮ ಬೀಡಿ ಎಲೆ ಇಡುವ ಮೊರವನ್ನು, ನಮ್ಮ ಸೂಪನ್ನು, ಹಿಡಿದುಕೊಂಡೇ ಬಂದು, "ಬಿಡ್ತು ಅನ್ನಿ," ಎಂದಳು.

"ಎಂತ ಬಿಡ್ತು? ಬದುಕಿದ್ದವನು ಸತ್ತ ಅಂತ ಸುದ್ದಿಯಾದರೆ ಆಯುಷ್ಯ ಹೆಚ್ಚು. ಅದೂ ಚೀನಾದಷ್ಟು ದೂರದಲ್ಲಿ ಸತ್ತವನಿಗೆ ಎಷ್ಟು ಹೆಚ್ಚಾಗಬೇಡ!"

ಅವರು ಅಷ್ಟು ಖುಷಿಯಾಗಿ ನಗುತ್ತಿರುವಾಗ ಉಳಿದರ್ಧ ನನ್ನ ಬಾಯಲ್ಲೇ ಉಳಿಯಿತು.

ಅವರು ಆ ಕತೆಯನ್ನು ಕಳ್ಳಿನಂಗಡಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಪೆರ್ಡೂರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಪ್ರತಿ ಸಲ ಸ್ವಲ್ಪ ಬೆಳೆಯುತ್ತಿತ್ತು. "ನನ್ನ ತಂಗಿಯ ಮಗಳು ಮಾರಾಯರೇ, ಐಸಿನ ಮೇಲೆ ಕೂತು ಅತ್ತದ್ದಂತೆ. ಅಲ್ಲಿನ ಚಳಿಗೆ ಕಣ್ಣೀರು ಕೆನ್ನೆಯ ಮೇಲೆ ಗಟ್ಟಿಯಾಗಿ ಮಣಿ ಮಣಿ ಆಯಿತಂತೆ. ಊಟ ಇಲ್ಲ, ನೀರಿಲ್ಲ." ನಾನು ಐಸಿನ ವಿಷಯ ಹೇಳಿದ್ದೆ, ಅಳುವಿನ ವಿಷಯ ಹೇಳಿರಲಿಲ್ಲ. ಪಕ್ಕದಲ್ಲಿ ಕೂತವರು ನನ್ನ ಕಡೆ ತಿರುಗಿ, "ಹೌದಾ ಟೀಚರೇ?" ಎಂದು ಕೇಳುತ್ತಿದ್ದರು. ಆಗ ನನಗೆ ಉಡುಪಿಯಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತ್ತು. "ಹೌದು," ಎನ್ನುತ್ತಿದ್ದೆ. ತಮ್ಮಲೆಯ ಮುಖ ಅರಳುತ್ತಿತ್ತು. ಬಣ್ಣ ಹಾಕಿದ್ದು ಅವರು, ರುಜು ಹಾಕುತ್ತಿದ್ದದ್ದು ನಾನು. ಎಷ್ಟು ಸಲ ಹಾಕಿದೆನೋ.

ಒಂದೆರಡು ವರ್ಷ ಹೀಗೆ ನಡೆಯಿತು. ಅವರಿಗೆ ಮೊಣಕಾಲು ನೋವು ಬಂದು ಮರ ಹತ್ತುವುದು ನಿಂತಿತು. ಮಣಿಪಾಲದ ಆಸ್ಪತ್ರೆಗೆ ತೋರಿಸಲು ನಾನೇ ಕರೆದುಕೊಂಡು ಹೋದೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಿದ್ದೆವು. ಅವರು ಎದುರಿನ ಗೋಡೆ ನೋಡುತ್ತಾ ಇದ್ದವರು, ನಗುವೂ ಇಲ್ಲದೆ, ಸಿಟ್ಟೂ ಇಲ್ಲದೆ ಕೇಳಿದರು.

"ಅಲ್ಲ ಮಗಾ. ಮನೆಯಲ್ಲಿ ಅಜ್ಜಿ ಇದ್ದರು. ಎಂಬತ್ತು ದಾಟಿದವರು. ನಿನ್ನ ಅಮ್ಮ ಇದ್ದಳು, ದಮ್ಮು ಕಟ್ಟಿ ಮಲಗುತ್ತಿದ್ದಳು. ನಾನು ಕಲ್ಲಿನ ಹಾಗಿದ್ದೆ. ಲಕೋಟೆ ಒಡೆಯದೆ ನಿನಗೆ ನಾನೇ ಅಂತ ಹೇಗೆ ಗೊತ್ತಾದದ್ದು?"

ನಾನು ಎಂತ ಹೇಳಬೇಕಿತ್ತು ಎನ್ನುವುದು ನನಗೆ ಗೊತ್ತಿತ್ತು. ಹೇಳಲು ಆ ಬೆಂಚಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದೂ ಗೊತ್ತಿತ್ತು.

"ಮರ ಹತ್ತುವವರು ನೀವಲ್ವಾ," ಎಂದೆ. "ಬಿದ್ದಿರಬಹುದು ಅಂತ."

ಅವರು ನನ್ನನ್ನು ನೋಡಲಿಲ್ಲ. ಮೊಣಕಾಲನ್ನು ಎರಡು ಕೈಯಿಂದ ತಿಕ್ಕಿಕೊಂಡರು.

"ಅದೂ ಉಂಟು," ಎಂದರು.

ಆಮೇಲೆ ಹತ್ತು ಹನ್ನೆರಡು ವರ್ಷ ಬದುಕಿದ್ದರು. ನನ್ನ ಮೇಲಿನ ಪ್ರೀತಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಆದರೆ ಆ ಕತೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಯಾರಾದರೂ, "ನಿಮ್ಮ ಚೀನಾದ ಸಾವಿನ ಕತೆ ಹೇಳಿ ಮಾರಾಯರೇ," ಎಂದರೆ, "ಅದು ಹಳೆಯದಾಯಿತು," ಎಂದು ಬೇರೆ ಮಾತು ತೆಗೆಯುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳಲಿಲ್ಲ.